ನಾವು ಚೌಕಾಸಿ ಮಾಡದಿದ್ದರೆ ಬಿಲ್ಲು ಯಾರ ತಲೆಗೆ?



ಹೋದ ತಿಂಗಳು ಭಾನುವಾರದ ಆರಾಧನೆ ಮುಗಿದು ಎಲ್ಲರೂ ಹೊರಗೆ ಚಹಾ ಕುಡಿಯುತ್ತಿದ್ದಾಗ ಹಿರಿಯರೊಬ್ಬರು ನನ್ನನ್ನು ಹತ್ತಿರ ಕರೆದು ಕೇಳಿದರು: "ಮಗಾ, ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕಂಪೆನಿಯವರ ಜೊತೆ ರೇಟಿಗೆ ಚೌಕಾಸಿ ಮಾಡುವುದೇ ನಿನ್ನ ಕೆಲಸವಂತೆ. ಧರ್ಮಾರ್ಥ ಆಸ್ಪತ್ರೆಗೆ ಅದೆಲ್ಲ ಯಾಕೆ? ಸೇವೆ ಅಂದ ಮೇಲೆ ಅವರು ಕೊಟ್ಟಷ್ಟು ತೆಗೆದುಕೊಂಡರೆ ಆಗುವುದಿಲ್ಲವಾ?" ಆಗ ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಸರಗೋಡಿನ ನಮಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ನಮ್ಮ ಎಷ್ಟು ಮನೆಗಳು ತಳಮಳಿಸಿದವು ಎಂಬುದು ನಿಮಗೆ ನೆನಪಿರಬಹುದು. ಹಾಗೆ ಅಲ್ಲಿಗೆ ಹೋಗುವವರಲ್ಲಿ ಈಗ ಬಹಳ ಮಂದಿಯ ಕೈಯಲ್ಲಿ ವಿಮೆಯ ಕಾರ್ಡ್ ಇರುತ್ತದೆ. ಕೌಂಟರಿನಲ್ಲಿ 'ಕ್ಯಾಶ್‌ಲೆಸ್' ಎಂಬ ಬೋರ್ಡ್ ಕಂಡರೆ ಸಮಾಧಾನ. ಆ ಬೋರ್ಡಿನ ಹಿಂದೆ ಒಂದು ಒಪ್ಪಂದ ಇದೆ. ಒಂದು ಕಡೆ ಆಸ್ಪತ್ರೆ, ಇನ್ನೊಂದು ಕಡೆ ವಿಮಾ ಕಂಪೆನಿ, ಹಲವು ಸಲ ನಡುವೆ ಟಿಪಿಎ ಎಂಬ ಸಂಸ್ಥೆ. ಯಾವ ಆಪರೇಷನ್‌ಗೆ ಎಷ್ಟು ಹಣ, ಆಸ್ಪತ್ರೆ ಎಷ್ಟು ರಿಯಾಯಿತಿ ಕೊಡಬೇಕು, ಯಾವ ವಸ್ತುವಿಗೆ ಕಂಪೆನಿ ಹಣ ಕೊಡುವುದಿಲ್ಲ, ಬಿಲ್ಲಿನ ಹಣ ಎಷ್ಟು ದಿನದಲ್ಲಿ ಬರಬೇಕು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಂಥ ಸರ್ಕಾರಿ ಯೋಜನೆಗಳಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅಲ್ಲಿ ದರ ನಿಗದಿ ಮಾಡುವುದು ಸರ್ಕಾರ. ಸೇರುವುದೋ ಬಿಡುವುದೋ ಅಷ್ಟೇ ಖಾಸಗಿ ಆಸ್ಪತ್ರೆಯ ಕೈಯಲ್ಲಿ. ವಿಮಾ ಕಂಪೆನಿಯ ಜೊತೆ ಮಾತ್ರ ಎದುರುಬದುರು ಕುಳಿತು ಮಾತಾಡುವುದಕ್ಕೆ ಜಾಗ ಇರುತ್ತದೆ.

ಮೊದಲ ಸಲ ಆ ಮೇಜಿನ ಎದುರು ಕುಳಿತಾಗ ನಾನೂ ನಮ್ಮ ಹಿರಿಯರ ಹಾಗೆಯೇ ಯೋಚಿಸಿದ್ದೆ. ಕಂಪೆನಿಯವರು ಹೆಚ್ಚು ರೋಗಿಗಳನ್ನು ಕಳಿಸುತ್ತೇವೆ ಎಂದರು, ಕೇಳಿದಷ್ಟು ರಿಯಾಯಿತಿಗೆ ನಾನು ಒಪ್ಪಿದೆ. ಹರ್ನಿಯಾ ಆಪರೇಷನ್‌ಗೆ ಒಂದು ಪ್ಯಾಕೇಜ್ ದರ ಬರೆದೆವು. ಒಳಗೆ ಇಡುವ ಮೆಶ್ ಆ ದರದಲ್ಲಿ ಸೇರಿದೆಯೋ ಇಲ್ಲವೋ ಎಂದು ಬರೆಯಲಿಲ್ಲ. ನಾನು ಕೇಳಲೂ ಇಲ್ಲ. ಕೆಲವು ತಿಂಗಳಾದ ಮೇಲೆ ಡಿಸ್ಚಾರ್ಜ್ ದಿನ ಒಬ್ಬ ಅಜ್ಜಿ ನನ್ನ ಟೇಬಲ್ ಹತ್ತಿರ ಬಂದು ನಿಂತರು. ಗಂಡನ ಆಪರೇಷನ್ ಆಗಿತ್ತು. "ಮಗಾ, ಕಾರ್ಡ್ ಇದೆಯಲ್ಲ, ಮತ್ತೆ ಈ 11,000 ಯಾಕೆ?" ಎಂದು ಕೇಳಿದರು. ಕಂಪೆನಿ ಮೆಶ್‌ನ ಹಣ ಕೊಟ್ಟಿರಲಿಲ್ಲ. ಆಸ್ಪತ್ರೆ ಅದನ್ನು ಅವರ ಬಿಲ್ಲಿಗೆ ಸೇರಿಸಿತ್ತು. ಅವರು ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿದ್ದನ್ನು ನಾನು ಮರೆತಿಲ್ಲ. ಆ ಹಣವನ್ನು ಅವರ ಕೈಯಿಂದ ಕಟ್ಟಿಸಿದ್ದು ನನ್ನ ಸಹಿ.

ಕೊಟ್ಟಷ್ಟು ತೆಗೆದುಕೊಂಡರೆ ಚಿಕಿತ್ಸೆಯ ಖರ್ಚು ಕಡಿಮೆಯಾಗುವುದಿಲ್ಲ. ನರ್ಸ್‌ಗಳಿಗೆ ಸಂಬಳ ಕೊಡಲೇಬೇಕು, ಆಕ್ಸಿಜನ್‌ಗೆ, ಕರೆಂಟಿಗೆ ಹಣ ಕಟ್ಟಲೇಬೇಕು. ಕಂಪೆನಿ ಕೊಡದ ಭಾಗ ಎಲ್ಲೋ ಒಂದು ಕಡೆ ಹೋಗಿ ಬೀಳುತ್ತದೆ. ಹೆಚ್ಚಾಗಿ ಬೀಳುವುದು ವಿಮೆಯೇ ಇಲ್ಲದೆ ಕೈಯಿಂದ ಹಣ ಕಟ್ಟುವವರ ಮೇಲೆ. ಒಂದೇ ವಾರ್ಡ್, ಒಂದೇ ಆಪರೇಷನ್. ಕಾರ್ಡ್ ಇರುವ ಬ್ಯಾಂಕಿನವರ ಬಿಲ್ಲಿಗೆ ರಿಯಾಯಿತಿ, ಬೀಡಿ ಕಟ್ಟುವ ಅಕ್ಕನ ಬಿಲ್ಲಿಗೆ ಪೂರ್ತಿ ದರ. ಇದನ್ನು ಸೇವೆ ಎಂದು ಕರೆಯಲು ನನ್ನಿಂದ ಆಗುವುದಿಲ್ಲ. ಚೌಕಾಸಿ ಮಾಡುವ ಶಕ್ತಿ ಆಸ್ಪತ್ರೆಗೆ ಇದೆ, ಆ ಅಕ್ಕನಿಗೆ ಇಲ್ಲ.

ಆದ್ದರಿಂದ ಧರ್ಮಾರ್ಥ ಆಸ್ಪತ್ರೆಯ ಪರವಾಗಿ ಮಾತುಕತೆಗೆ ಕೂರುವವರು ಮೂರು ವಿಷಯದಲ್ಲಿ ಬಗ್ಗಬಾರದು ಎಂಬುದು ನನ್ನ ಅಭಿಪ್ರಾಯ.

ಒಂದು, ನಮ್ಮ ಖರ್ಚು ನಮಗೆ ಮೊದಲು ಗೊತ್ತಿರಬೇಕು. ಒಂದು ಸಿಸೇರಿಯನ್‌ಗೆ ಒಂದು ಗಂಟೆ ಥಿಯೇಟರ್, ಇಷ್ಟು ಔಷಧ, ಇಷ್ಟು ದಿನದ ಹಾಸಿಗೆ ಎಂದು ಲೆಕ್ಕ ಹಾಕದೆ ಹೋದರೆ ಯಾವ ರಿಯಾಯಿತಿ ಕೊಡಬಹುದು, ಯಾವುದು ಬಡವರ ಜೇಬಿಗೆ ಕೈ ಹಾಕುತ್ತದೆ ಎಂಬುದು ತಿಳಿಯುವುದಿಲ್ಲ.

ಎರಡು, ಪ್ಯಾಕೇಜಿನೊಳಗೆ ಏನೇನಿದೆ ಎಂದು ಒಂದೊಂದಾಗಿ ಬರೆಸಬೇಕು. ಮೆಶ್, ಸ್ಟೆಂಟ್, ಲೆನ್ಸ್, ಎಲ್ಲದರ ಹೆಸರೂ ಇರಬೇಕು. ಪ್ಯಾಕೇಜಿನಲ್ಲಿ ಸೇರಿದ ಯಾವುದಕ್ಕೂ ರೋಗಿಯಿಂದ ಬೇರೆ ಹಣ ಪಡೆಯುವುದಿಲ್ಲ ಎಂದು ಆಸ್ಪತ್ರೆಯೂ ಬರೆದುಕೊಡಬೇಕು.

ಮೂರು, ಜಗಳ ಆದರೆ ರೋಗಿ ನಡುವೆ ಸಿಕ್ಕಿಕೊಳ್ಳಬಾರದು. ಒಪ್ಪಂದ ಮುರಿದುಬಿದ್ದ ದಿನ ವಾರ್ಡಿನಲ್ಲಿ ಮಲಗಿರುವವರಿಗೆ ಡಿಸ್ಚಾರ್ಜ್ ಆಗುವ ತನಕ ಕ್ಯಾಶ್‌ಲೆಸ್ ನಡೆಯಬೇಕು ಎಂಬ ಸಾಲು ಇರಲೇಬೇಕು. ಡಿಸ್ಚಾರ್ಜ್ ವಿಷಯದಲ್ಲಿ ಈಗ ನಿಯಮವೇ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ 29ರ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಕಂಪೆನಿ 1 ಗಂಟೆಯೊಳಗೆ ಉತ್ತರ ಕೊಡಬೇಕು. ಆಸ್ಪತ್ರೆ ಡಿಸ್ಚಾರ್ಜ್‌ಗೆ ಕೇಳಿದ 3 ಗಂಟೆಯೊಳಗೆ ಅಂತಿಮ ಅನುಮತಿ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಹಾಕಿದರೆ ಅದನ್ನು ಕಂಪೆನಿಯೇ ಭರಿಸಬೇಕು. ಈ ನಿಯಮ ಮೇಜಿನ ಮೇಲೆ ಇಟ್ಟು ಮಾತಾಡುವವರು ಆಸ್ಪತ್ರೆಯಲ್ಲಿ ಇರಬೇಕು.

ಎದುರಿಗೆ ಕುಳಿತವರ ಮಾತಿನಲ್ಲಿಯೂ ಸತ್ಯ ಇದೆ. ಬೇಡದ ಪರೀಕ್ಷೆ, ಬೇಡದ ಅಡ್ಮಿಷನ್, ಉಬ್ಬಿಸಿದ ಬಿಲ್ಲು ಇವೆಲ್ಲ ನಡೆಯುತ್ತವೆ. ಅದರ ಭಾರ ಮುಂದಿನ ವರ್ಷ ಪ್ರೀಮಿಯಂ ಆಗಿ ನಮ್ಮ ಮನೆಗಳಿಗೇ ಬರುತ್ತದೆ. ಹಾಗಾಗಿ ನ್ಯಾಯವಾದ ದರ ಕೇಳುವ ಆಸ್ಪತ್ರೆ ತನ್ನ ಬಿಲ್ಲನ್ನೂ ತೆರೆದು ತೋರಿಸಬೇಕು. ಆ ಅಜ್ಜಿಯ ಬಿಲ್ಲಿನ ನಂತರ ನಾವು ನಮ್ಮ ಲೆಕ್ಕದ ಪುಸ್ತಕ ತೆಗೆದುಕೊಂಡೇ ಮಾತುಕತೆಗೆ ಹೋದೆವು. ಕೇಳಿದ್ದೆಲ್ಲ ಸಿಗಲಿಲ್ಲ. ಮೆಶ್ ಮಾತ್ರ ಪ್ಯಾಕೇಜಿನ ಒಳಗೆ ಬಂತು.

ನಮ್ಮ ಯುವಜನರಲ್ಲಿ ನರ್ಸಿಂಗ್ ಓದುವವರು ತುಂಬಾ ಮಂದಿ. ಬಿ.ಕಾಂ. ಮಾಡಿ ಮುಂದೇನು ಎಂದು ಕುಳಿತವರೂ ಇದ್ದೀರಿ. ಆಸ್ಪತ್ರೆಯ ಬಿಲ್ಲಿಂಗ್ ಕೋಣೆಯನ್ನು ಸಣ್ಣದಾಗಿ ನೋಡಬೇಡಿ. ಲೆಕ್ಕ ಬಲ್ಲ, ಸಣ್ಣ ಅಕ್ಷರವನ್ನು ತಾಳ್ಮೆಯಿಂದ ಓದುವ, ಕನ್ನಡ ಮಲಯಾಳ ತುಳು ಮೂರರಲ್ಲೂ ರೋಗಿಗೆ ವಿಷಯ ತಿಳಿಸಿ ಹೇಳಬಲ್ಲ ಹುಡುಗ ಹುಡುಗಿಯರು ಅಲ್ಲಿ ಬೇಕು.

ಇನ್ನು ನಮ್ಮ ಹಿರಿಯರಿಗೆ ಉತ್ತರ. ಒಳ್ಳೆಯ ಸಮಾರ್ಯದವನ ಕಥೆ ನೀವೇ ನಮಗೆ ಸಂಡೇ ಸ್ಕೂಲಿನಲ್ಲಿ ಹೇಳಿಕೊಟ್ಟದ್ದು. ಅವನು ಗಾಯಕ್ಕೆ ಎಣ್ಣೆ ಹಾಕಿ, ಪಟ್ಟಿ ಕಟ್ಟಿ ಅಷ್ಟಕ್ಕೇ ಬಿಡಲಿಲ್ಲ. ಛತ್ರದವನ ಜೊತೆ ಹಣದ ಮಾತೂ ಆಡಿದ. ಈಗ ಇಷ್ಟು, ಹೆಚ್ಚಾದರೆ ತಿರುಗಿ ಬರುವಾಗ ತಾನೇ ಕೊಡುವುದು ಎಂದು ತೀರ್ಮಾನಿಸಿ ಹೋದ. ಗಾಯಗೊಂಡವನ ಮೇಲೆ ಬಾಕಿ ಬಿಟ್ಟು ಹೋಗಲಿಲ್ಲ. ನನ್ನ ಕೆಲಸವೂ ಅಷ್ಟೇ ಅಪ್ಪಾ.

ಮುಂದಿನ ಯುವಜನ ಕೂಟಕ್ಕೆ ನಿಮ್ಮ ಮನೆಯ ಪಾಲಿಸಿ ಕಾಗದ ಹಿಡಿದುಕೊಂಡು ಬನ್ನಿ. ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ, ರೂಮಿನ ಬಾಡಿಗೆಗೆ ಮಿತಿ ಎಷ್ಟು, ಯಾವುದಕ್ಕೆ ಕಾಯುವ ಅವಧಿ ಇದೆ ಎಂದು ಒಟ್ಟಿಗೆ ಓದಿ ನೋಡೋಣ. ಕಾಯಿಲೆ ಬಂದ ಮೇಲೆ ಕೌಂಟರಿನಲ್ಲಿ ನಿಂತು ಓದುವುದಕ್ಕಿಂತ ಅದು ಒಳ್ಳೆಯದು.