ರಕ್ತ ನುಡಿಯುವ ಸಾಕ್ಷ್ಯ

ರೋಗನಿರೋಧಕ ವ್ಯವಸ್ಥೆಯೆಂದರೆ ಹೊರಗಿನ ಸೂಕ್ಷ್ಮಾಣುಗಳೊಡನೆ ಹೋರಾಡುವ ಸೇನೆಯೆಂದು ನಾವು ಭಾವಿಸುತ್ತೇವೆ. ಅದು ನಿಜ, ಆದರೆ ಪೂರ್ಣ ಸತ್ಯವಲ್ಲ. ನಾವು ಮಿತಿಮೀರಿ ಉಂಡು, ದೇಹವನ್ನು ದುಡಿಸದೆ ಕುಳಿತಾಗ ಉಂಟಾಗುವ ಚಯಾಪಚಯದ ಒತ್ತಡಕ್ಕೂ ಅದೇ ಸೇನೆ ಎಚ್ಚೆತ್ತುಕೊಳ್ಳುತ್ತದೆ.

ಸ್ಥೂಲಕಾಯದ ಇಲಿಗಳ ಕೊಬ್ಬು ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ದ್ರವ್ಯವನ್ನು ಹೆಚ್ಚಾಗಿ ಸ್ರವಿಸುತ್ತದೆ, ಅದು ಇನ್ಸುಲಿನ್ನಿನ ಕಾರ್ಯಕ್ಕೆ ಅಡ್ಡಿಯಾಗುತ್ತದೆ ಎಂಬುದು 1993ರಲ್ಲಿ ತಿಳಿದುಬಂತು. ಹಿಗ್ಗಿದ ಕೊಬ್ಬಿನ ಅಂಗಾಂಶದಲ್ಲಿ ರಕ್ಷಕ ಕಣಗಳು ಬಂದು ನೆಲೆಸುತ್ತವೆ. ಅಲ್ಲಿಂದ ಹೊರಡುವ ಇಂಟರ್‌ಲ್ಯೂಕಿನ್-6 ಯಕೃತ್ತನ್ನು ಪ್ರಚೋದಿಸಿದಾಗ ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ, ರಕ್ತದಲ್ಲಿ ಹೆಚ್ಚುತ್ತದೆ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಕಂಡ ಈ ಪ್ರೋಟೀನ್ ಇಂದು ನಮ್ಮ ಜೀವನಶೈಲಿಯ ಸಾಕ್ಷಿಯೂ ಆಗಿದೆ. ಆರೋಗ್ಯವಂತ ಮಹಿಳೆಯರನ್ನು ನಾಲ್ಕು ವರ್ಷ ಗಮನಿಸಿ 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮುಂದೆ ಮಧುಮೇಹಕ್ಕೆ ತುತ್ತಾದವರ ರಕ್ತದಲ್ಲಿ ಇವೆರಡೂ ಮೊದಲೇ ಹೆಚ್ಚಾಗಿದ್ದವು.

ಹಾಗಾದರೆ ಎಲ್ಲರೂ ಈ ಪರೀಕ್ಷೆಗೆ ಧಾವಿಸಬೇಕೇ? ಬೇಡವೆಂದೇ ನಮ್ಮ ಅಭಿಪ್ರಾಯ. ಸೂಕ್ಷ್ಮ ಸಿಆರ್‌ಪಿ ಪರೀಕ್ಷೆಯಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹೃದ್ರೋಗದ ಅಪಾಯ ಕಡಿಮೆಯೆಂದೂ, 3 ಮೀರಿದರೆ ಹೆಚ್ಚೆಂದೂ ವೈದ್ಯರು ಗಣಿಸುತ್ತಾರೆ. ಆದರೆ ಸಾಮಾನ್ಯ ನೆಗಡಿ, ವಸಡಿನ ಸೋಂಕು, ಸಂಧಿವಾತ ಕೂಡ ಈ ಅಂಕಿಯನ್ನು ಏರಿಸಬಲ್ಲವು. 10ನ್ನು ದಾಟಿದರೆ ಸೋಂಕನ್ನು ಹುಡುಕಿ, ಕೆಲವು ವಾರಗಳ ನಂತರ ಮತ್ತೆ ಪರೀಕ್ಷಿಸಬೇಕಾಗುತ್ತದೆ. ಬೆಂಕಿಯಿದೆ ಎಂದು ಹೊಗೆ ಹೇಳೀತು. ಯಾವ ಕೋಣೆಯಲ್ಲಿ ಎಂದು ಹೇಳದು. ಸಾಕ್ಷಿಯನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸುವುದು ವಿವೇಕವಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇಂತಹ ನಾಡಿನಲ್ಲಿ ಬಡವನ ದಿನಗೂಲಿಯನ್ನು ದುಬಾರಿ ಪರೀಕ್ಷೆಗಳ ಕಟ್ಟಿಗೆ ಸುರಿಸುವುದು ನ್ಯಾಯವೇ? ಒಂದು ಅಳತೆಪಟ್ಟಿ ಬಹಳಷ್ಟನ್ನು ಹೇಳುತ್ತದೆ: ಸೊಂಟದ ಸುತ್ತಳತೆ ನಮ್ಮ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ತಲುಪಿದರೆ ಅದೇ ಎಚ್ಚರಿಕೆ. ಜೊತೆಗೆ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಸಾಕು. ಇವುಗಳಿಂದ ಚಿತ್ರ ಸ್ಪಷ್ಟವಾಗದೆ, ಚಿಕಿತ್ಸೆಯ ನಿರ್ಧಾರಕ್ಕೆ ನೆರವು ಬೇಕೆಂದು ವೈದ್ಯರು ಹೇಳಿದಾಗ ಸಿಆರ್‌ಪಿಗೆ ಅದರದೇ ಸ್ಥಾನವಿದೆ.

ಸಮಾಧಾನದ ಸಂಗತಿಯೆಂದರೆ, ಈ ಉರಿ ಆರಬಲ್ಲದು. ತೂಕ ಇಳಿದಂತೆ ಸಿಆರ್‌ಪಿಯೂ ಇಳಿಯುತ್ತದೆ. ಮಿತವಾದ ಊಟ, ನಿತ್ಯದ ನಡಿಗೆ, ತಂಬಾಕಿನ ತ್ಯಾಗ, ಸಾಕಷ್ಟು ನಿದ್ರೆ: ಇವುಗಳಿಗೆ ಯಾವ ಪ್ರಯೋಗಾಲಯದ ಅನುಮತಿಯೂ ಬೇಕಿಲ್ಲ. ರಕ್ತ ಸಾಕ್ಷ್ಯ ನುಡಿಯುವ ಮುನ್ನವೇ ನಾವು ನಮ್ಮ ತಟ್ಟೆಯನ್ನು ವಿಚಾರಣೆಗೆ ಒಳಪಡಿಸೋಣ.