ಯಾವ ಗುಂಡು ಛಲೋ ಅಂತ ಕೇಳುವವರಿಗೆ

"ಮನಿ ಕಾವಲಿಗೆ ಯಾವ ರಿವಾಲ್ವರ್ ಛಲೋ ರೀ? ಅದಕ್ಕ ಯಾವ ಗುಂಡು ಹಾಕಬೇಕು?" ವರದಿಗಾರ ಅಂದರೆ ಎಲ್ಲ ಗೊತ್ತಿರುತ್ತದೆ ಎಂದುಕೊಂಡು ಗುಂಡಗುರ್ತಿ ಸುತ್ತಲಿನ ಹುಡುಗರು ಹೀಗೆ ಕೇಳುತ್ತಾರೆ. ಮೊಬೈಲ್‌ನಲ್ಲಿ ಅಮೆರಿಕದ ವಿಡಿಯೋ ನೋಡಿರುತ್ತಾರೆ. ಅಲ್ಲಿ ಅಂಗಡಿಗೆ ಹೋಗಿ ಬಗೆಬಗೆಯ ಗುಂಡು ಆರಿಸಬಹುದು. ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರ ಬಹಳ ಚಿಕ್ಕದು.

ಆ ವಿಡಿಯೋದವರು ಹೊಗಳುವ 9 ಎಂ.ಎಂ. ನಮ್ಮ ದೇಶದಲ್ಲಿ ನಿಷೇಧಿತ ಬೋರ್. ಅದು ಪೊಲೀಸರು, ಸೈನಿಕರ ಕೈಯಲ್ಲಿರುವುದು. ಸಾಮಾನ್ಯರಿಗೆ ಲೈಸನ್ಸ್ ಸಿಕ್ಕರೆ ಹೆಚ್ಚಾಗಿ ಪಾಯಿಂಟ್ 32. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದೇ 'ನಿರ್ಭೀಕ್' ಎಂಬ ಪಾಯಿಂಟ್ 32 ರಿವಾಲ್ವರ್ ತಂದಿತು. ತೂಕ ಅರ್ಧ ಕೆ.ಜಿ., ಬೆಲೆ ಆಗಲೇ 1.22 ಲಕ್ಷ ರೂಪಾಯಿ. ಎಷ್ಟು ಚೀಲ ತೊಗರಿ ಮಾರಬೇಕು, ನೀವೇ ಲೆಕ್ಕ ಹಾಕಿ.

ತಿಳಿದುಕೊಳ್ಳಬೇಕಾದ್ದು ಒಂದಿದೆ. ಪಾಯಿಂಟ್ 32 ಅಂದರೆ ಒಂದೇ ಗುಂಡಲ್ಲ. ರಿವಾಲ್ವರಿನದು ಉದ್ದ, ಹಿಂದೆ ಅಂಚು ಇರುತ್ತದೆ. ಪಿಸ್ತೂಲಿನದು ಗಿಡ್ಡ, ಅದನ್ನೇ 7.65 ಎನ್ನುತ್ತಾರೆ. ಒಂದರದ್ದು ಇನ್ನೊಂದಕ್ಕೆ ಹಾಕುವಂತಿಲ್ಲ. ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಗುಂಡು ಎಂಬುದೂ ಲೈಸನ್ಸಿನಲ್ಲೇ ಬರೆದಿರುತ್ತದೆ.

7.65 ನಮ್ಮ ರಾಜ್ಯಕ್ಕೆ ಹೊಸದಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಸತ್ತದ್ದು ಈ ಗುಂಡಿಗೆ. ಎರಡೂ ಕಡೆ ಬಳಸಿದ್ದು ಒಂದೇ ನಾಡ ಪಿಸ್ತೂಲು ಎಂದು ಗುಂಡಿನ ಗುರುತು ಹೋಲಿಸಿ ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಇಬ್ಬರ ಮೇಲೂ ಗುಂಡು ಹಾರಿದ್ದು ಅವರ ಮನೆ ಬಾಗಿಲಲ್ಲೇ. ಬಾಗಿಲು ಬಡಿದರೆ ಯಾರು ಕೈಯಲ್ಲಿ ರಿವಾಲ್ವರ್ ಹಿಡಿದು ಹೋಗಿ ತೆರೆಯುತ್ತಾರೆ? ಅಲಮಾರಿನಲ್ಲಿ ಎಷ್ಟು ಒಳ್ಳೆ ಗುಂಡಿದ್ದರೂ ಆ ಹೊತ್ತಿಗೆ ಕೈಗೆ ಬರುವುದಿಲ್ಲ.

ಲೈಸನ್ಸ್ ಸಿಗದವರು ಭೀಮಾ ತೀರದ ಕಂಟ್ರಿ ಪಿಸ್ತೂಲಿನ ಮಾತು ತೆಗೆಯುತ್ತಾರೆ. ಬ್ಯಾಡ್ರಿ. 2019ರ ತಿದ್ದುಪಡಿಯ ನಂತರ ಲೈಸನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಕಡಿಮೆ ಅಂದರೂ 2 ವರ್ಷ, 5 ವರ್ಷದವರೆಗೂ ಜೈಲು. ಬಂದೂಕು ಇಲ್ಲದೆ ಬರೀ ಗುಂಡು ಇಟ್ಟುಕೊಂಡರೂ ಅದೇ ಕಲಂ. ಮದುವೆಯಲ್ಲಿ ಖುಷಿಗೆ ಗಾಳಿಯಲ್ಲಿ ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ಇನ್ನು ನಮ್ಮ ಮನೆಗಳು. ನೆಲಕ್ಕೆ ಶಹಾಬಾದ್ ಪರಸಿ, ಗೋಡೆಗೂ ಕಲ್ಲು, ಹಿತ್ತಿಲಿಗೆ ತಗಡಿನ ಬಾಗಿಲು. ಕಲ್ಲಿಗೆ ಬಡಿದ ಗುಂಡು ಎತ್ತ ಸಿಡಿಯುತ್ತದೋ ಹೇಳಲಾಗದು. ತಗಡನ್ನು ತೂರಿಕೊಂಡು ಹೋದರೆ ಆಚೆ ಅಂಗಳದಲ್ಲಿ ಪಕ್ಕದ ಮನೆ ಮಕ್ಕಳು ಮಲಗಿರುತ್ತಾರೆ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳಲ್ಲಿದೆ, ನಿಜ. ಆದರೆ ಬೇಕಾದಷ್ಟೇ ಬಲ ಬಳಸಬೇಕು. ಓಡಿಹೋಗುವ ಕಳ್ಳನ ಬೆನ್ನಿಗೆ ಹಾರಿಸಿ ಆತ್ಮರಕ್ಷಣೆ ಎಂದರೆ ಕೋರ್ಟಿನಲ್ಲಿ ಅದನ್ನು ಒಪ್ಪಿಸುವುದು ಕಷ್ಟ.

ನನ್ನ ಅನುಮಾನ ಬೇರೆ. ಕೇಳುವವರಲ್ಲಿ ಹೆಚ್ಚಿನವರಿಗೆ ಕಳ್ಳನ ಹೆದರಿಕೆ ಇಲ್ಲ. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಬಡ್ಡಿ ಸಾಲ, ಪಂಚಾಯಿತಿ ಚುನಾವಣೆಯ ಹಟ. ಚುನಾವಣೆ ಬಂತೆಂದರೆ ಲೈಸನ್ಸ್ ಇದ್ದವರಲ್ಲಿ ಬಹಳ ಮಂದಿ ಬಂದೂಕನ್ನು ಠಾಣೆಯಲ್ಲಿ ಇಡಬೇಕಾಗುತ್ತದೆ. ಜಗಳ ಕಾವೇರುವ ಹೊತ್ತಿಗೇ ಅದು ಮನೆಯಲ್ಲಿ ಇರುವುದಿಲ್ಲ. ಆ ಜಗಳಗಳಿಗೆ ಬೇಕಾದ್ದು ಸರ್ವೇ ನಕ್ಷೆ, ನೋಂದಣಿಯಾದ ಪಾಲುಪತ್ರ, ಠಾಣೆಯಲ್ಲಿ ದೂರು ಬರೆಸಿಕೊಳ್ಳುವ ಸಾಹೇಬರು. ಈ ಮೂರನೆಯದು ಸುಲಭಕ್ಕೆ ಸಿಗುವುದಿಲ್ಲ ಎಂಬ ಸಿಟ್ಟು ನನಗೂ ಇದೆ. ರಾತ್ರಿ 112ಕ್ಕೆ ಫೋನ್ ಹಚ್ಚಿದರೆ ಗಾಡಿ ಬೇಗ ಬರಬೇಕು, ಓಣಿಯ ದೀಪ ಉರಿಯಬೇಕು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಅಂದಹಾಗೆ, ಬೆಳೆ ಕಾಯಲು ಲೈಸನ್ಸ್ ಪಡೆದಿದ್ದ ಅಜ್ಜ ತೀರಿಹೋಗಿದ್ದರೆ ಆ ಬಂದೂಕು ನಿಮ್ಮದಾಗುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಉಳಿದ ನಾಲ್ಕು ಹಳೆ ಕಾಡತೂಸು ಸಮೇತ ಠಾಣೆಗೋ ಲೈಸನ್ಸ್ ಇರುವ ಡೀಲರ್‌ಗೋ ಒಪ್ಪಿಸಿ, ರಸೀದಿ ಇಸ್ಕೊಳ್ಳಿ.