ಬಿಯರ್ ಕಪ್ಪಗಿದ್ದರೆ ಅಮಲು ಹೆಚ್ಚೇ?

ಬಿಯರ್ ಕಪ್ಪಗಿದ್ದಷ್ಟೂ ಅಮಲು ಹೆಚ್ಚು, ಸಿಹಿಯಿದ್ದರೆ ಕಡಿಮೆ ಎಂಬ ಮಾತನ್ನು ನಾವು ಕೇಳಿರುತ್ತೇವೆ. ಎರಡೂ ತಪ್ಪು. ಬಣ್ಣ ಬರುವುದು ಮಾಲ್ಟ್ ಹುರಿದ ಹದದಿಂದ. ಅಮಲು, ಯೀಸ್ಟ್ ಎಷ್ಟು ಸಕ್ಕರೆಯನ್ನು ಆಲ್ಕೋಹಾಲ್ ಆಗಿ ಬದಲಿಸಿತು ಎಂಬುದರಿಂದ. ಕಡುಗಪ್ಪು ಗಿನ್ನೆಸ್ ಡ್ರಾಫ್ಟ್‌ನಲ್ಲಿರುವುದು ಸುಮಾರು 4.2% ಮಾತ್ರ. ಸ್ಕಾಟ್ಲೆಂಡಿನ ಟ್ರಾಕ್ವೇರ್ ಹೌಸ್‌ನಲ್ಲಿ 1965ರಲ್ಲಿ ಮತ್ತೆ ಶುರುವಾದ ಪುಟ್ಟ ಬ್ರೂವರಿಯ ಕೆಂಗಂದು ಏಲ್‌ನಲ್ಲಿ 7.2%.

‘ವೀ ಹೆವಿ’ ಎಂದು ಕರೆಯುವ ಈ ಬಗೆಯ ಏಲ್ ಗುಟುಕರಿಸಿದರೆ ಮೊದಲು ಸಿಗುವುದು ಕ್ಯಾರಮೆಲ್, ಒಣದ್ರಾಕ್ಷಿಯಂಥ ರುಚಿ. ಹಾಪ್ಸ್‌ನ ಕಹಿ ತೀರಾ ಕಡಿಮೆ. ರುಚಿ ಸೊಗಸೇ, ತೊಂದರೆಯೂ ಅದರಲ್ಲೇ ಇದೆ: ಹುದುಗದೆ ಉಳಿದ ಸಕ್ಕರೆ ಆಲ್ಕೋಹಾಲಿನ ಘಾಟನ್ನು ಮರೆಮಾಡುತ್ತದೆ. ಹಾಗಾಗಿ ನೋಡಬೇಕಾದ್ದು ಲೇಬಲ್ ಮೇಲಿನ ಶೇಕಡಾವಾರನ್ನು. 330 ಮಿ.ಲೀ. ಗಿನ್ನೆಸ್‌ನಲ್ಲಿ ಸುಮಾರು 11 ಗ್ರಾಂ ಆಲ್ಕೋಹಾಲ್ ಇದ್ದರೆ, ಅಷ್ಟೇ ಟ್ರಾಕ್ವೇರ್‌ನಲ್ಲಿ ಸುಮಾರು 19 ಗ್ರಾಂ.